ಕಲ್ಲೂ ಬಾಗುವುದು

ಕಲಬುರಗಿ ಜಿಲ್ಲೆಯ ಶಹಾಬಾದ, ವಾಡಿ, ಚಿತ್ತಾಪುರ ಮತ್ತು ಸೇಡಂ ಊರುಗಳ ಸುತ್ತಮುತ್ತ ಕರಿಯ ಎರೆಮಣ್ಣಿನ ಹೊದಿಕೆಯನ್ನು ಸರಿಸಿದರೆ ಸುಣ್ಣಕಲ್ಲು ಕಾಣಿಸುತ್ತದೆ. ಹಲವು ಹತ್ತು ಕೋಟಿ ವರ್ಷಗಳ ಹಿಂದೆ ಈ ನೆಲವನ್ನು ಆವರಿಸಿದ್ದ ಆಳವಿಲ್ಲದ ಕಡಲಿನ ತಳದಲ್ಲಿ ಕೆಸರು ಪದರ ಪದರವಾಗಿ ತಂಗಿ, ಮೇಲಿನ ಭಾರಕ್ಕೆ ಬಿಗಿದು, ಕ್ರಮೇಣ ಕಲ್ಲಾಯಿತು. ಚಿಂಚೋಳಿ ತಾಲ್ಲೂಕಿನ ಹಲವೆಡೆ, ಬಹುಕಾಲದ ಅನಂತರ ಹರಿದ ಲಾವಾರಸದಿಂದ ಉಂಟಾದ ಕಪ್ಪು ಶಿಲೆಯು ಇದರ ಮೇಲೆ ಹರಡಿಕೊಂಡಿದೆ. ಪದರಗಳಾಗಿ ಬೆಳೆದುದರಿಂದ ಈ ಸುಣ್ಣಕಲ್ಲು ಉಳಿ ಸುತ್ತಿಗೆಗಳ ಪೆಟ್ಟಿಗೆ ಹಲಗೆಗಳಂತೆ ಸೀಳಿ ಬರುತ್ತದೆ. ಭೂವಿಜ್ಞಾನಿಗಳು ಇದನ್ನು ಭೀಮಾ ಶಿಲಾಸಮೂಹಕ್ಕೆ ಸೇರಿಸಿದ್ದಾರೆ. ಜನರ ಬಾಯಲ್ಲಿ ಇದು ಶಹಾಬಾದ್ ಕಲ್ಲು. ಹಾಸಿಗೆ ಬಳಸಿದಾಗ ಫರಸಿ.

ಈ ನಾಡಿನ ಜನಜೀವನವೆಲ್ಲ ಈ ಕಲ್ಲನ್ನು ಆಶ್ರಯಿಸಿಯೇ ಬೆಳೆದಿದೆ. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಬಳಿ, ಭೀಮಾ ನದಿಯ ದಡದ ಕನಗನಹಳ್ಳಿಯಲ್ಲಿ 1994ರಿಂದ ನಡೆದ ಉತ್ಖನನದಲ್ಲಿ ಒಂದು ಬೌದ್ಧ ಸ್ತೂಪದ ಅವಶೇಷಗಳು ಬೆಳಕಿಗೆ ಬಂದವು. ಅಲ್ಲಿ ದೊರೆತ ಫಲಕಗಳಲ್ಲೊಂದು ಅಶೋಕ ಚಕ್ರವರ್ತಿಯ ರೂಪವನ್ನೂ ಹೆಸರನ್ನೂ ಒಟ್ಟಿಗೆ ತೋರಿಸುತ್ತದೆ. ಆ ಫಲಕಗಳೆಲ್ಲ ಸುಣ್ಣಕಲ್ಲಿನವು. ಸುಮಾರು ಎರಡು ಸಾವಿರ ವರ್ಷಗಳ ಹಿಂದಿನವು. ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ಅಲ್ಲಿಯೂ ಕಾಗಿಣಾ ನದಿಯ ದಡದಲ್ಲಿ ಕಲ್ಲಿನ ಕೋಟೆ ನಿಂತಿದೆ. ಮನೆಯ ನೆಲ, ಗೋಡೆ, ಮೆಟ್ಟಿಲು, ಅಂಗಳ, ರೈಲು ನಿಲ್ದಾಣದ ಹಾಸು — ಎಲ್ಲಿ ನೋಡಿದರಲ್ಲಿ ಈ ಕಲ್ಲೇ. ಕೆಲವೆಡೆ ಮನೆಯ ಛಾವಣಿಗೂ ಇದೇ ಕಲ್ಲಿನ ಹಲಗೆಗಳನ್ನು ತೊಲೆಗಳ ಮೇಲೆ ಹೊದಿಸುತ್ತಾರೆ.

ಇಲ್ಲಿ ವಿಚಾರಕ್ಕೆ ಎಡೆಯಾಗುವ ಒಂದು ಸಂಗತಿಯಿದೆ. ಗಟ್ಟಿಯಾಗಿ ಕುಟ್ಟಿದ ನೆಲದ ಮೇಲೆ ಹಾಸಿದ ಫರಸಿಯು ಜೋಳದ ಚೀಲಗಳ ರಾಶಿಯನ್ನೂ ತುಂಬಿದ ಬಂಡಿಯ ಚಕ್ರವನ್ನೂ ತಾಳಿಕೊಳ್ಳುತ್ತದೆ. ಅದೇ ಫರಸಿಯನ್ನು ಎರಡು ತೊಲೆಗಳ ನಡುವೆ ಹರವಿ, ಅದರ ಮಧ್ಯದಲ್ಲಿ ಒಬ್ಬನು ಎಗರಿದರೆ ಅದು ಒಮ್ಮೆಲೇ ಎರಡು ತುಂಡಾಗಬಹುದು. ಕಲ್ಲು ಒಂದೇ; ಇಟ್ಟ ಬಗೆ ಮಾತ್ರ ಬೇರೆ. ನೆಲದಲ್ಲಿ ಬಂಡಿಯನ್ನು ಹೊರುವ ಕಲ್ಲು ಛಾವಣಿಯಲ್ಲಿ ಮನುಷ್ಯನನ್ನು ಏಕೆ ಹೊರಲಾರದು? ಈ ಪ್ರಶ್ನೆಗೆ ಉತ್ತರ ತಿಳಿದಿರುವುದರ ಮೇಲೆ ಮನೆಯಲ್ಲಿ ಮಲಗುವವರ ಜೀವವೇ ನಿಂತಿದೆ.

ಉತ್ತರವನ್ನು ಹುಡುಕುವ ಮುನ್ನ ಒಂದು ತಪ್ಪು ತಿಳಿವಳಿಕೆಯನ್ನು ಬಿಡಬೇಕು. ರಬ್ಬರು ಹಿಗ್ಗುತ್ತದೆ, ಬಿದಿರು ಬಾಗುತ್ತದೆ, ಕಲ್ಲು ಮಾತ್ರ ಎಷ್ಟು ಭಾರಕ್ಕೂ ಅಲುಗದೆ ನಿಲ್ಲುತ್ತದೆ ಎಂದು ಜನ ಭಾವಿಸುತ್ತಾರೆ. ಆದರೆ ಭಾರಕ್ಕೆ ಮಣಿಯದ ಘನವಸ್ತು ಜಗತ್ತಿನಲ್ಲಿ ಯಾವುದೂ ಇಲ್ಲ. ಘನವಸ್ತುವಿನ ಕಣಗಳು ಪರಸ್ಪರ ಆಕರ್ಷಣೆ ವಿಕರ್ಷಣೆಗಳಿಂದ ತಮ್ಮ ತಮ್ಮ ಸ್ಥಾನದಲ್ಲಿ ನಿಂತಿರುತ್ತವೆ. ಎಳೆದಾಗ ಅವು ತುಸು ದೂರ ಸರಿಯುತ್ತವೆ. ಒತ್ತಿದಾಗ ತುಸು ಹತ್ತಿರವಾಗುತ್ತವೆ. ಬಲವನ್ನು ತೆಗೆದೊಡನೆ ಸ್ವಸ್ಥಾನಕ್ಕೆ ಮರಳುತ್ತವೆ. ಹೀಗೆ ಬಲದಿಂದ ರೂಪಗೆಟ್ಟ ವಸ್ತುವು ಬಲ ಹೋದಾಗ ಮೊದಲಿನ ರೂಪವನ್ನು ಪಡೆಯುವ ಗುಣಕ್ಕೆ ಸ್ಥಿತಿಸ್ಥಾಪಕತ್ವ ಎಂದು ಹೆಸರು. ಇದು ರಬ್ಬರಿಗೆ ಇರುವಂತೆ ಕಲ್ಲಿಗೂ ಉಂಟು, ಉಕ್ಕಿಗೂ ಉಂಟು, ಗಾಜಿಗೂ ಉಂಟು.

ಕಲ್ಲು ಎಷ್ಟು ಬಾಗುತ್ತದೆ ಎಂಬುದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಅರ್ಧ ಮೀಟರ್ ಅಗಲ, 4 ಸೆಂಟಿಮೀಟರ್ ದಪ್ಪದ ಸುಣ್ಣಕಲ್ಲಿನ ಹಲಗೆಯೊಂದನ್ನು ಒಂದು ಮೀಟರ್ ಅಂತರದ ಎರಡು ಆಸರೆಗಳ ಮೇಲೆ ಇರಿಸಿದೆ ಎಂದು ಭಾವಿಸೋಣ. 50 ಕಿಲೋಗ್ರಾಂ ತೂಗುವ ಬಾಲಕನೊಬ್ಬ ಅದರ ನಡುವೆ ನಿಂತರೆ ಹಲಗೆಯ ಮಧ್ಯಭಾಗವು ಒಂದು ಮಿಲಿಮೀಟರಿನ ಹನ್ನೆರಡನೆಯ ಒಂದು ಪಾಲಿನಷ್ಟು, ಎಂದರೆ ಹೆಚ್ಚುಕಡಿಮೆ ಒಂದು ತಲೆಗೂದಲಿನ ದಪ್ಪದಷ್ಟು, ಕೆಳಕ್ಕೆ ಬಾಗುತ್ತದೆ. ಬಾಲಕ ಇಳಿದೊಡನೆ ಅದು ಮತ್ತೆ ನೇರವಾಗುತ್ತದೆ. ಕಣ್ಣಿಗೆ ಕಾಣದಿದ್ದರೂ ಈ ಬಾಗು ಸತ್ಯ. ಸೂಕ್ಷ್ಮ ಉಪಕರಣಗಳಿಂದ ಅದನ್ನು ಅಳೆಯಲು ಬರುತ್ತದೆ.

ಬಲಕ್ಕೂ ರೂಪಭೇದಕ್ಕೂ ಇರುವ ಸಂಬಂಧವನ್ನು ಮೊದಲು ಕಂಡವನು ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್. ತನ್ನ ಶೋಧವನ್ನು ಇತರರು ತಮ್ಮದೆಂದಾರು ಎಂಬ ಶಂಕೆಯಿಂದ ಅವನು 1676ರಲ್ಲಿ ಅದನ್ನು ಅಕ್ಷರಗಳ ಒಗಟಾಗಿ ಪ್ರಕಟಿಸಿದನು. 1678ರಲ್ಲಿ ಒಗಟನ್ನು ತಾನೇ ಬಿಡಿಸಿದನು. ಅದರ ತಿರುಳು ಸರಳವಾದುದು: ಹಿಗ್ಗುವಿಕೆಯು ಎಳೆಯುವ ಬಲಕ್ಕೆ ಅನುಪಾತದಲ್ಲಿರುತ್ತದೆ. ಬಲ ಇಮ್ಮಡಿಯಾದರೆ ಹಿಗ್ಗು ಇಮ್ಮಡಿ, ಬಲ ಮುಮ್ಮಡಿಯಾದರೆ ಹಿಗ್ಗು ಮುಮ್ಮಡಿ. ಈ ನಿಯಮಕ್ಕೆ ಒಂದು ಎಲ್ಲೆಯಿದೆ. ಆ ಎಲ್ಲೆಯನ್ನು ಮೀರಿ ಎಳೆದ ವಸ್ತು ಮೊದಲಿನ ರೂಪಕ್ಕೆ ಮರಳುವುದಿಲ್ಲ. ಅದಕ್ಕೆ ಸ್ಥಿತಿಸ್ಥಾಪಕ ಮಿತಿ ಎನ್ನುತ್ತಾರೆ.

ದಪ್ಪ ತಂತಿಯನ್ನೂ ಸಣ್ಣ ತಂತಿಯನ್ನೂ, ಉದ್ದ ಕಂಬವನ್ನೂ ಗಿಡ್ಡ ಕಂಬವನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕಾದರೆ ಎರಡು ಅಳತೆಗಳು ಬೇಕಾಗುತ್ತವೆ. ವಸ್ತುವಿನ ಅಡ್ಡಕೊಯ್ತದ ಒಂದು ಚದರ ಮಿಲಿಮೀಟರಿನ ಮೇಲೆ ಬೀಳುವ ಬಲ ಮೊದಲನೆಯದು; ಅದಕ್ಕೆ ಪೀಡನ ಎಂದು ಹೆಸರು. ಮೂಲ ಉದ್ದದ ಎಷ್ಟನೆಯ ಪಾಲು ಉದ್ದ ಹೆಚ್ಚಿತು ಅಥವಾ ಕುಗ್ಗಿತು ಎಂಬುದು ಎರಡನೆಯದು. ಅದಕ್ಕೆ ವಿಕೃತಿ ಎಂದು ಹೆಸರು. ಪೀಡನವನ್ನು ವಿಕೃತಿಯಿಂದ ಭಾಗಿಸಿದರೆ ದೊರೆಯುವ ಸಂಖ್ಯೆಯು ಆ ವಸ್ತುವಿನ ಪೆಡಸುತನವನ್ನು ಸೂಚಿಸುತ್ತದೆ. 1807ರಲ್ಲಿ ಪ್ರಕಟವಾದ ತನ್ನ ಉಪನ್ಯಾಸಗಳಲ್ಲಿ ಈ ಬಗೆಯ ಗುಣಾಂಕವನ್ನು ವಿವರಿಸಿದ ಥಾಮಸ್ ಯಂಗ್‌ನ ಹೆಸರಿನಿಂದ ಇದನ್ನು ಯಂಗ್ ಗುಣಾಂಕ ಎಂದು ಕರೆಯುತ್ತಾರೆ.

ಉಕ್ಕಿನ ಯಂಗ್ ಗುಣಾಂಕವು ಚದರ ಮಿಲಿಮೀಟರಿಗೆ ಸುಮಾರು 2,00,000 ನ್ಯೂಟನ್. ಗಟ್ಟಿಯಾದ ಸುಣ್ಣಕಲ್ಲಿನದು ಕಲ್ಲಿನಿಂದ ಕಲ್ಲಿಗೆ ಬದಲಾಗುತ್ತದೆ. ಸುಮಾರು 50,000 ಎಂದು ಎಣಿಸಬಹುದು. ಸಾಮಾನ್ಯ ಕಾಂಕ್ರೀಟಿನದು 25,000ದಿಂದ 30,000. ಮರದ್ದು ನಾರಿನ ಉದ್ದಕ್ಕೆ ಸುಮಾರು 10,000. ರಬ್ಬರಿನದು ಕೆಲವೇ ನ್ಯೂಟನ್. ಒಂದು ಮೀಟರ್ ಉದ್ದ, ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತದ ಉಕ್ಕಿನ ತಂತಿಗೆ 10 ಕಿಲೋಗ್ರಾಂ ತೂಕವನ್ನು ತೂಗುಹಾಕಿದರೆ ಅದು ಅರ್ಧ ಮಿಲಿಮೀಟರಿನಷ್ಟೇ ಹಿಗ್ಗುತ್ತದೆ. ಆದುದರಿಂದ ರಬ್ಬರು ಹೆಚ್ಚು ಸ್ಥಿತಿಸ್ಥಾಪಕವೋ ಉಕ್ಕು ಹೆಚ್ಚು ಸ್ಥಿತಿಸ್ಥಾಪಕವೋ ಎಂದು ಕೇಳಿದರೆ, ವಿಜ್ಞಾನದ ಉತ್ತರ ‘ಉಕ್ಕು’ ಎಂದೇ. ಏಕೆಂದರೆ ರೂಪ ಕೆಡುವುದನ್ನು ಅದು ರಬ್ಬರಿಗಿಂತ ಸಾವಿರಾರು ಪಟ್ಟು ಹೆಚ್ಚು ಬಲದಿಂದ ಎದುರಿಸುತ್ತದೆ.

ಪೆಡಸುತನ ಬೇರೆ, ತಾಳಿಕೆ ಬೇರೆ. ಇವೆರಡನ್ನೂ ಒಂದೆಂದು ತಿಳಿಯುವುದರಿಂದ ಅನೇಕ ತಪ್ಪುಗಳಾಗುತ್ತವೆ. ಒಂದು ವಸ್ತು ಎಷ್ಟು ಬಾಗುತ್ತದೆ ಎಂಬುದನ್ನು ಪೆಡಸುತನ ಹೇಳುತ್ತದೆ. ಎಷ್ಟು ಬಲಕ್ಕೆ ಸೋಲುತ್ತದೆ ಎಂಬುದನ್ನು ತಾಳಿಕೆ ಹೇಳುತ್ತದೆ. ಕಟ್ಟಡಕ್ಕೆ ಬಳಸುವ ಉಕ್ಕಿನ ಸರಳುಗಳಲ್ಲಿ 250, 500 ಎಂಬ ದರ್ಜೆಗಳಿವೆ. ಚದರ ಮಿಲಿಮೀಟರಿಗೆ ಎಷ್ಟು ನ್ಯೂಟನ್ ಪೀಡನದವರೆಗೆ ಸರಳು ತನ್ನ ರೂಪವನ್ನು ಉಳಿಸಿಕೊಳ್ಳಬಲ್ಲದು ಎಂಬುದನ್ನು ಆ ಸಂಖ್ಯೆಗಳು ತಿಳಿಸುತ್ತವೆ. ಎರಡನೆಯ ದರ್ಜೆಯ ಸರಳಿಗೆ ಮೊದಲನೆಯದರ ಇಮ್ಮಡಿ ತಾಳಿಕೆಯಿದೆ. ಆದರೆ ಎರಡರ ಯಂಗ್ ಗುಣಾಂಕವೂ ಒಂದೇ. ಬಾಗುವ ತೊಲೆಯ ಬಾಗನ್ನು ಕಡಿಮೆ ಮಾಡಲು ಹೆಚ್ಚು ತಾಳಿಕೆಯ ಉಕ್ಕನ್ನು ತಂದರೆ ಪ್ರಯೋಜನವಿಲ್ಲ. ತೊಲೆಯ ಆಕಾರವನ್ನೇ ಬದಲಿಸಬೇಕು.

ಆಕಾರದ ಮಹತ್ತ್ವವನ್ನು ಯಾವ ವಿದ್ಯಾರ್ಥಿಯಾದರೂ ತನ್ನ ಅಡಿಕೋಲಿನಿಂದ ಪರೀಕ್ಷಿಸಬಹುದು. ಅಡಿಕೋಲನ್ನು ಅಗಲವಾಗಿ ಮಲಗಿಸಿ ಎರಡು ಪುಸ್ತಕಗಳ ನಡುವೆ ಇಟ್ಟು ಒತ್ತಿದರೆ ಅದು ಸುಲಭವಾಗಿ ಬಾಗುತ್ತದೆ. ಅಂಚಿನ ಮೇಲೆ ನಿಲ್ಲಿಸಿ ಒತ್ತಿದರೆ ಬಾಗಿದುದೇ ತಿಳಿಯದು. ಹಲಗೆಯ ದಪ್ಪವನ್ನು ಇಮ್ಮಡಿಸಿದರೆ ಅದರ ಬಾಗು ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಆಸರೆಗಳ ಅಂತರವನ್ನು ಇಮ್ಮಡಿಸಿದರೆ ಬಾಗು ಎಂಟು ಪಟ್ಟಾಗುತ್ತದೆ. ಮೇಲೆ ಹೇಳಿದ ಕಲ್ಲಿನ ಹಲಗೆಯ ದಪ್ಪ 4 ಸೆಂಟಿಮೀಟರಿನ ಬದಲು 2 ಸೆಂಟಿಮೀಟರ್ ಇದ್ದಿದ್ದರೆ, ಅದೇ ಬಾಲಕನ ಭಾರಕ್ಕೆ ಅದು ಎಂಟು ಪಟ್ಟು ಹೆಚ್ಚು ಬಾಗುತ್ತಿತ್ತು. ಅದರಲ್ಲಿನ ಪೀಡನವು ನಾಲ್ಕು ಪಟ್ಟು ಹೆಚ್ಚುತ್ತಿತ್ತು. ಸ್ವಲ್ಪ ದಪ್ಪವನ್ನು ಉಳಿಸಿದ ಲಾಭ ದೊಡ್ಡ ಅಪಾಯವನ್ನು ತರುತ್ತದೆ.

ಈಗ ಮೊದಲಿನ ಪ್ರಶ್ನೆಗೆ ಬರಬಹುದು. ಬಾಗಿದ ಹಲಗೆಯ ಮೇಲ್ಮೈ ಕುಗ್ಗುತ್ತದೆ, ಕೆಳಮೈ ಹಿಗ್ಗುತ್ತದೆ, ನಡುವಣ ಒಂದು ಪದರ ಮಾತ್ರ ಕುಗ್ಗದೆ ಹಿಗ್ಗದೆ ಉಳಿಯುತ್ತದೆ. ಎಂದರೆ ಬಾಗಿದ ಹಲಗೆಯಲ್ಲಿ ಮೇಲುಗಡೆ ಒತ್ತುವಿಕೆಯೂ ಕೆಳಗಡೆ ಎಳೆತವೂ ಏಕಕಾಲಕ್ಕೆ ನಡೆಯುತ್ತವೆ. ಕಲ್ಲು ಒತ್ತುವಿಕೆಯನ್ನು ಚೆನ್ನಾಗಿ ತಾಳುತ್ತದೆ; ಎಳೆತವನ್ನು ಅದರ ಹತ್ತನೆಯ ಒಂದು ಪಾಲಿನಷ್ಟೂ ತಾಳದಿರುವುದುಂಟು. ಒಳಗಿನ ಕಣ್ಣಿಗೆ ಕಾಣದ ಸಣ್ಣ ಬಿರುಕುಗಳೇ ಇದಕ್ಕೆ ಕಾರಣ. ಒತ್ತಿದಾಗ ಅವು ಮುಚ್ಚಿಕೊಳ್ಳುತ್ತವೆ. ಎಳೆದಾಗ ಬಾಯಿ ತೆರೆಯುತ್ತವೆ. ನೆಲದ ಫರಸಿಗೆ ಕೆಳಗಿನ ಮಣ್ಣು ಎಲ್ಲೆಡೆಯೂ ಆಸರೆ ಕೊಡುವುದರಿಂದ ಅದು ಬಾಗುವುದಿಲ್ಲ, ಒತ್ತುವಿಕೆ ಮಾತ್ರ ಅದರ ಪಾಲಿಗೆ ಬರುತ್ತದೆ. ಛಾವಣಿಯ ಹಲಗೆ ನಡುವೆ ಆಸರೆಯಿಲ್ಲದೆ ಬಾಗುವುದರಿಂದ ಅದರ ಕೆಳಮೈ ಎಳೆತಕ್ಕೆ ಸಿಕ್ಕುತ್ತದೆ. ಅಲ್ಲಿ ಒಂದು ಬಿರುಕು ತೆರೆದರೆ ಅದು ಮೇಲಿನವರೆಗೆ ಓಡುತ್ತದೆ.

ಇಂಥ ವಸ್ತುಗಳಿಗೆ ಭಿದುರ ವಸ್ತುಗಳೆಂದು ಹೆಸರು. ಭಿದುರ ವಸ್ತುವು ತನ್ನ ಮಿತಿಯವರೆಗೆ ನಿಷ್ಠೆಯಿಂದ ಸೇವೆ ಸಲ್ಲಿಸಿ, ಮಿತಿ ಮೀರಿದೊಡನೆ ಮುನ್ಸೂಚನೆಯಿಲ್ಲದೆ ಒಡೆಯುತ್ತದೆ. ಉಕ್ಕು ಹಾಗಲ್ಲ. ಮಿತಿ ಮೀರಿದ ಮೇಲೂ ಅದು ಬಹಳಷ್ಟು ಹಿಗ್ಗಿ, ಬಾಗಿ, ಜೋತುಬಿದ್ದು ಕೊನೆಗೆ ಹರಿಯುತ್ತದೆ. ಆ ನಡುವಣ ಕಾಲವೇ ಮನುಷ್ಯನಿಗೆ ಸಿಗುವ ಎಚ್ಚರಿಕೆ.

ಕಲ್ಲಿನ ಈ ಕೊರತೆಯನ್ನು ತುಂಬಲು ಕಂಡುಕೊಂಡ ಉಪಾಯಗಳಲ್ಲಿ ಒಂದು, ಇದೇ ನೆಲದ ಇನ್ನೊಂದು ಉದ್ಯಮಕ್ಕೆ ಸಂಬಂಧಿಸಿದೆ. ಸುಣ್ಣಕಲ್ಲನ್ನು ಪುಡಿಮಾಡಿ, ಜೇಡಿಮಣ್ಣಿನಂಥ ವಸ್ತುಗಳೊಡನೆ ಬೆರೆಸಿ, ಸುಮಾರು 1,450 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಟ್ಟು, ಸ್ವಲ್ಪ ಜಿಪ್ಸಮ್ ಸೇರಿಸಿ ಅರೆದರೆ ಸಿಮೆಂಟು ಸಿದ್ಧವಾಗುತ್ತದೆ. ಶಹಾಬಾದದಲ್ಲಿ ಸಿಮೆಂಟು ತಯಾರಿಕೆ ಸ್ವಾತಂತ್ರ್ಯಕ್ಕೆ ಮೊದಲೇ ಆರಂಭವಾಯಿತು. ವಾಡಿಯ ಕಾರ್ಖಾನೆ 1968ರಲ್ಲಿ ಪ್ರಾರಂಭವಾಯಿತು. ಮುಂದೆ ಮಳಖೇಡ, ಸೇಡಂಗಳಲ್ಲಿಯೂ ಕಾರ್ಖಾನೆಗಳು ಎದ್ದವು. ಸಿಮೆಂಟು, ಮರಳು, ಜಲ್ಲಿ, ನೀರು ಕೂಡಿದ ಕಾಂಕ್ರೀಟು ಮನುಷ್ಯ ಎರಕ ಹೊಯ್ದ ಕಲ್ಲು. ಕಲ್ಲಿನ ಗುಣವೂ ಅದಕ್ಕಿದೆ, ದೋಷವೂ ಇದೆ. ಎಳೆತಕ್ಕೆ ಅದೂ ಸೋಲುತ್ತದೆ.

ಆದರೆ ಎರಕವಾದುದರಿಂದ ಅದರೊಳಗೆ ಉಕ್ಕಿನ ಸರಳನ್ನು ಹುದುಗಿಸಲು ಸಾಧ್ಯ. ಎಳೆತ ಬೀಳುವ ಕೆಳಭಾಗದಲ್ಲಿ ಸರಳನ್ನಿಟ್ಟರೆ ಕಾಂಕ್ರೀಟು ಒತ್ತುವಿಕೆಯನ್ನೂ ಉಕ್ಕು ಎಳೆತವನ್ನೂ ಹಂಚಿಕೊಳ್ಳುತ್ತವೆ. ಬಿಸಿಲಿಗೆ ಎರಡೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹಿಗ್ಗುವುದರಿಂದ ಅವುಗಳ ಬೆಸುಗೆ ಬಿಡುವುದಿಲ್ಲ. ಕಾಂಕ್ರೀಟಿನ ಎಳೆತದ ಮಿತಿ ಅತಿ ಕಡಿಮೆ. ಸರಳು ತನ್ನ ಪೂರ್ಣ ಬಲವನ್ನು ತೋರುವ ಮೊದಲೇ ಕೆಳಮೈಯಲ್ಲಿ ಕೂದಲೆಳೆಯ ಬಿರುಕುಗಳು ಮೂಡುತ್ತವೆ. ಆಗ ಎಳೆತವೆಲ್ಲ ಸರಳಿನ ಪಾಲಾಗುತ್ತದೆ. ಸರಿಯಾಗಿ ರಚಿಸಿದ ಛಾವಣಿಯು ಹೊರಲಾರದ ಭಾರ ಬಿದ್ದಾಗ ಮೊದಲು ಜೋಲುತ್ತದೆ, ಬಿರುಕುಗಳು ಅಗಲವಾಗುತ್ತವೆ, ಮನೆಯವರು ಹೊರಗೆ ಬರಲು ಸಮಯ ಸಿಗುತ್ತದೆ. ಸರಳನ್ನು ತಪ್ಪಿ ಮೇಲ್ಭಾಗದಲ್ಲಿಟ್ಟರೆ ಆ ಛಾವಣಿಯು ಬರಿಯ ಕಲ್ಲಿನ ಹಲಗೆಗಿಂತ ಹೆಚ್ಚೇನೂ ಅಲ್ಲ.

ವಾಡಿ ಜಂಕ್ಷನ್ನಿನ ರೈಲು ಹಳಿಗಳಲ್ಲಿ ಸ್ಥಿತಿಸ್ಥಾಪಕತ್ವದ ಮತ್ತೊಂದು ಮುಖವನ್ನು ನೋಡಬಹುದು. ಮುಂಬಯಿಯಿಂದ ರಾಯಚೂರಿನ ಕಡೆಗೆ ಹೋಗುವ ಮಾರ್ಗಕ್ಕೆ 1874ರಲ್ಲಿ ಸಿಕಂದರಾಬಾದಿನ ಮಾರ್ಗವು ಇಲ್ಲಿ ಬಂದು ಕೂಡಿತು. ಉಕ್ಕು ಬಿಸಿಯಾದಾಗ ಹಿಗ್ಗುತ್ತದೆ. ಒಂದು ಕಿಲೋಮೀಟರ್ ಉದ್ದದ ಹಳಿ 30 ಡಿಗ್ರಿಯಷ್ಟು ಹೆಚ್ಚು ಕಾದರೆ ಸುಮಾರು 36 ಸೆಂಟಿಮೀಟರ್ ಉದ್ದವಾಗಬೇಕು. ಹಿಂದೆ ಹಳಿತುಂಡುಗಳ ನಡುವೆ ಸಂದು ಬಿಟ್ಟು ಇದಕ್ಕೆ ಎಡೆಮಾಡುತ್ತಿದ್ದರು. ಗಾಡಿ ಚಲಿಸುವಾಗ ಕೇಳುತ್ತಿದ್ದ ಟಕಟಕ ಸದ್ದು ಆ ಸಂದುಗಳದು. ಈಗ ಹಳಿಗಳನ್ನು ಉದ್ದಕ್ಕೆ ಬೆಸೆದು, ಭಾರವಾದ ಅಡ್ಡಪಟ್ಟಿಗಳಿಗೂ ಜಲ್ಲಿಗೂ ಬಿಗಿದಿರುತ್ತಾರೆ. ಹಿಗ್ಗಲು ಎಡೆಯಿಲ್ಲದ ಹಳಿಯು ಆ ಹಿಗ್ಗನ್ನು ತನ್ನೊಳಗೇ ಪೀಡನವಾಗಿ ಹೊತ್ತುಕೊಳ್ಳುತ್ತದೆ. ಪ್ರತಿ ಡಿಗ್ರಿಗೆ ಚದರ ಮಿಲಿಮೀಟರಿಗೆ ಸುಮಾರು 2.4 ನ್ಯೂಟನ್, 30 ಡಿಗ್ರಿಗೆ 72 ನ್ಯೂಟನ್. ಮೀಟರಿಗೆ 60 ಕಿಲೋಗ್ರಾಂ ತೂಗುವ ಒಂದು ಹಳಿಯಲ್ಲಿ ಇದು ಒಟ್ಟು 50 ಟನ್ನಿಗೂ ಹೆಚ್ಚಿನ ಒತ್ತುಬಲವಾಗುತ್ತದೆ. ಉಕ್ಕಿನ ಮಿತಿ ಇದಕ್ಕಿಂತ ಬಹಳ ಮೇಲಿರುವುದರಿಂದ ಹಳಿಯು ಮಧ್ಯಾಹ್ನ ಈ ಭಾರವನ್ನು ಹೊತ್ತು, ರಾತ್ರಿ ತಂಪಿಗೆ ಅದನ್ನು ಇಳಿಸುತ್ತದೆ. ಆದರೆ ಬದಿಯ ಜಲ್ಲಿ ಸಡಿಲವಾದರೆ ಹಳಿ ಪಕ್ಕಕ್ಕೆ ಸೊಟ್ಟಗಾಗುವ ಭಯವುಂಟು. ಬೇಸಿಗೆಯಲ್ಲಿ ರೈಲ್ವೆ ಕೆಲಸಗಾರರು ಹಳಿಯ ಗುಂಟ ನಡೆದು ಕಾಯುವುದು ಇದಕ್ಕಾಗಿಯೇ.

ಮನುಷ್ಯ ಕಟ್ಟಿದ ವಸ್ತುಗಳಲ್ಲಿ ಮಾತ್ರವಲ್ಲ, ಭೂಮಿಯ ಒಡಲಿನ ಬಂಡೆಗಳಲ್ಲಿಯೂ ಇದೇ ನಿಯಮ ನಡೆಯುತ್ತದೆ. ಗಟ್ಟಿಯಾದ ಫರಸಿಯನ್ನು ತಟ್ಟಿದರೆ ಖಣಖಣ ಎನ್ನುತ್ತದೆ. ಒಳಗೆ ಬಿರುಕಿದ್ದರೆ ಸದ್ದು ಮಂಕಾಗುತ್ತದೆ. ತಟ್ಟಿದ ಕಡೆ ಉಂಟಾದ ವಿಕೃತಿಯು ಅಲೆಯಾಗಿ ಕಲ್ಲಿನಲ್ಲಿ ಓಡುವುದೇ ಆ ನಾದಕ್ಕೆ ಮೂಲ. ಭೂಕಂಪನದ ಅಲೆಗಳೂ ಇದೇ ಜಾತಿಯವು. ನೆಲದಾಳದ ಬಂಡೆಗಳು ದೀರ್ಘಕಾಲದ ಒತ್ತಡಕ್ಕೆ ನಿಧಾನವಾಗಿ ಬಾಗುತ್ತ ಹೋಗಿ, ಮಿತಿ ಮೀರಿದಾಗ ಬಿರುಕಿನ ಗುಂಟ ಜಾರಿ ತಟ್ಟನೆ ಮರಳುತ್ತವೆ ಎಂಬುದನ್ನು, 1906ರ ಸ್ಯಾನ್‌ಫ್ರಾನ್ಸಿಸ್ಕೋ ಭೂಕಂಪವನ್ನು ಪರಿಶೀಲಿಸಿದ ಅಮೆರಿಕದ ವಿಜ್ಞಾನಿ ಹ್ಯಾರಿ ರೀಡ್ 1910ರಲ್ಲಿ ಪ್ರತಿಪಾದಿಸಿದನು.

2021ರ ಅಕ್ಟೋಬರ್ ತಿಂಗಳಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರ ಮತ್ತು ನೆರೆಯ ಹಳ್ಳಿಗಳಲ್ಲಿ ನೆಲ ಮತ್ತೆ ಮತ್ತೆ ನಡುಗಿತು. ಕಂಪನಗಳು ಸಣ್ಣವಾಗಿದ್ದರೂ ಜನ ಮನೆಯೊಳಗೆ ಮಲಗಲು ಅಂಜಿ ಬಯಲಿನಲ್ಲಿ ರಾತ್ರಿಗಳನ್ನು ಕಳೆದರು. ಅವರ ಅಂಜಿಕೆಗೆ ಕಾರಣವಿತ್ತು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ನೆರೆಯ ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿ ಸುತ್ತಮುತ್ತ ಸಂಭವಿಸಿದ ಭೂಕಂಪದಲ್ಲಿ ಸಾವಿರಾರು ಜನರು ನಿದ್ದೆಯಲ್ಲಿಯೇ ಮಡಿದರು. ಮಣ್ಣಿನಿಂದ ಕೂಡಿಸಿದ ದಪ್ಪ ಕಲ್ಲಿನ ಗೋಡೆಗಳು, ಅವುಗಳ ಮೇಲೆ ಮಣ್ಣು ಹೇರಿದ ಭಾರವಾದ ಮಾಳಿಗೆಗಳು — ಇವೇ ಅಲ್ಲಿನ ಮನೆಗಳಾಗಿದ್ದವು. ಮೇಲಿನಿಂದ ಕೆಳಕ್ಕೆ ಬೀಳುವ ಭಾರವನ್ನು ತಲೆಮಾರುಗಳ ಕಾಲ ಹೊತ್ತಿದ್ದ ಗೋಡೆಗಳು ಅಡ್ಡಡ್ಡ ಅಲುಗಾಟದ ಎಳೆತವನ್ನು ಕೆಲವು ಕ್ಷಣಗಳೂ ತಾಳಲಿಲ್ಲ.

ಇದರಿಂದ ಕಲ್ಲು ಕೆಟ್ಟ ವಸ್ತುವೆಂದು ತಿಳಿಯಬೇಕಾಗಿಲ್ಲ. ಗೋಡೆಯ ಎರಡೂ ಮೈಗಳನ್ನು ಹಿಡಿದಿಡುವ ಉದ್ದಗಲ್ಲುಗಳನ್ನು ನಡುನಡುವೆ ಕೂಡಿಸುವುದು, ಬಾಗಿಲು ಕಿಟಕಿಗಳ ನೆತ್ತಿಯ ಮಟ್ಟದಲ್ಲಿ ಮನೆಯ ಸುತ್ತ ಉಕ್ಕು ಹುದುಗಿದ ಕಾಂಕ್ರೀಟಿನ ಪಟ್ಟಿಯನ್ನು ಕಟ್ಟುವುದು, ಛಾವಣಿಯ ಭಾರವನ್ನು ಇಳಿಸುವುದು — ಇಷ್ಟರಿಂದಲೇ ಕಲ್ಲಿನ ಮನೆ ಬಹುಮಟ್ಟಿಗೆ ಸುರಕ್ಷಿತವಾಗುತ್ತದೆ. ಎಳೆತ ಬರುವಲ್ಲಿ ಉಕ್ಕಿರಲಿ, ಒತ್ತುವಿಕೆ ಬರುವಲ್ಲಿ ಕಲ್ಲಿರಲಿ ಎಂಬುದೇ ಇವೆಲ್ಲವುಗಳ ಹಿಂದಿರುವ ತತ್ತ್ವ.

ಪ್ರತಿಯೊಂದು ವಸ್ತುವಿಗೂ ಮಣಿಯುವ ಒಂದು ಬಗೆಯೂ ತಾಳುವ ಒಂದು ಮಿತಿಯೂ ಇವೆ. ಗಣಿಯಲ್ಲಿ ಕಲ್ಲನ್ನು ಸೀಳುವ ಕಾರ್ಮಿಕನಿಗೆ, ಗೋಡೆ ಕಟ್ಟುವ ಗೌಂಡಿಗೆ, ಹಳಿ ಕಾಯುವ ಕೆಲಸಗಾರನಿಗೆ ಈ ತಿಳಿವು ಕೈಯ ಅನುಭವದಿಂದ ಬಂದಿದೆ. ಅದೇ ತಿಳಿವನ್ನು ಅಳತೆಗೆ ತಂದು, ಕಟ್ಟುವ ಮೊದಲೇ ಲೆಕ್ಕಹಾಕಲು ವಿಜ್ಞಾನ ಕಲಿಸುತ್ತದೆ. ಅನುಭವವೂ ಅಳತೆಯೂ ಕೂಡಿದಲ್ಲಿ ಮನೆಯವರು ನಿಶ್ಚಿಂತೆಯಿಂದ ನಿದ್ರಿಸಬಹುದು.

ಅಭ್ಯಾಸ

1. ನೆಲದ ಮೇಲೆ ಹಾಸಿದ ಫರಸಿಗೂ ತೊಲೆಗಳ ಮೇಲೆ ಹರವಿದ ಫರಸಿಗೂ ಭಾರವನ್ನು ತಾಳುವುದರಲ್ಲಿ ಇರುವ ವ್ಯತ್ಯಾಸವನ್ನು ವಿವರಿಸಿರಿ.
2. ಪೆಡಸುತನ ಮತ್ತು ತಾಳಿಕೆ — ಇವುಗಳ ಭೇದವನ್ನು ಉಕ್ಕಿನ ಸರಳುಗಳ ಉದಾಹರಣೆಯಿಂದ ತಿಳಿಸಿರಿ.
3. ರಬ್ಬರಿಗಿಂತ ಉಕ್ಕು ಹೆಚ್ಚು ಸ್ಥಿತಿಸ್ಥಾಪಕ ಎನ್ನಲು ಕಾರಣವೇನು?
4. ಕಾಂಕ್ರೀಟಿನ ಛಾವಣಿಯಲ್ಲಿ ಸರಳನ್ನು ಕೆಳಭಾಗದಲ್ಲಿಯೇ ಏಕೆ ಇಡಬೇಕು?
5. ನಿಮ್ಮ ಊರಿನ ಹಳೆಯ ಮನೆಯೊಂದನ್ನು ನೋಡಿ, ಅದರಲ್ಲಿ ಒತ್ತುವಿಕೆಯನ್ನು ತಾಳುವ ಭಾಗಗಳಾವುವು, ಎಳೆತಕ್ಕೆ ಸಿಕ್ಕುವ ಭಾಗಗಳಾವುವು ಎಂಬುದನ್ನು ಪಟ್ಟಿಮಾಡಿರಿ.